ಅರ್ಧ ತೊಲ ಗುಲಾಬಿ ಅತ್ತರು

ಸುಗಂಧದ ಇತಿಹಾಸದ ಬಗ್ಗೆ ನಾನು ಎರಡು ಗಂಟೆ ನಿಲ್ಲದೆ ಮಾತಾಡಬಲ್ಲೆ. ಇದು ನನ್ನ ಜಂಬವಲ್ಲ, ಸಿರುಗುಪ್ಪದ ಕಾಲೇಜಿನಲ್ಲಿ ನನ್ನ ಪಾಠ ಕೇಳಿದ ವಿದ್ಯಾರ್ಥಿಗಳ ದೂರು. ಈಜಿಪ್ಟಿನ ಪೂಜಾರಿಗಳು ಹೊತ್ತಿಗೊಂದರಂತೆ ಧೂಪ ಹಾಕುತ್ತಿದ್ದದ್ದು, ರೋಮಿನ ಸಿರಿವಂತರು ಊಟದ ಮನೆಗೆಲ್ಲ ಗುಲಾಬಿ ಸುರಿಸುತ್ತಿದ್ದದ್ದು, ಅರಬರು ಹೂವನ್ನು ಬಟ್ಟಿಯಿಳಿಸುವುದರಲ್ಲಿ ಪಳಗಿದ್ದು, ಫ್ರಾನ್ಸಿನವರು ಚರ್ಮದ ವಾಸನೆ ತಾಳಲಾರದೆ ಕೈಗವಸಿಗೆ ಸುಗಂಧ ಹಚ್ಚಿಕೊಂಡದ್ದು, ಎಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇದೆ. ಇದರಲ್ಲಿ ಒಂದನ್ನೂ ನಾನು ಮೂಸಿ ಕಲಿತದ್ದಲ್ಲ, ಓದಿ ಕಲಿತದ್ದು. ನಮ್ಮಪ್ಪ ಐವತ್ತು ವರ್ಷ ಬಳ್ಳಾರಿಯಲ್ಲಿ ಅತ್ತರು ಮಾರಿದ. ಅವನನ್ನು ಒಂದೇ ಒಂದು ಪ್ರಶ್ನೆ ಕೇಳುವ ಗೋಜಿಗೆ ನಾನು ಹೋಗಿರಲಿಲ್ಲ. ಅವನು ಮನೆಯಲ್ಲೇ ಇರುತ್ತಿದ್ದನಲ್ಲ, ಪುಸ್ತಕದಲ್ಲಿ ಇರಲಿಲ್ಲ.

ನಮ್ಮದು ಕನ್ನಡ ಮಾತಾಡುವ ಮುಸಲ್ಮಾನರ ಮನೆ. ಅಜ್ಜ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಅಪ್ಪನಿಗೆ ಆ ಧೂಳು ಆಗಿಬರಲಿಲ್ಲ, ಸದಾ ಸೀನುತ್ತಿದ್ದನಂತೆ. ಅಷ್ಟು ಸೂಕ್ಷ್ಮದ ಮೂಗನ್ನು ಏನು ಮಾಡುವುದೆಂದು ಅಜ್ಜ ತಲೆ ಕೆಡಿಸಿಕೊಂಡು, ಕಡೆಗೆ ಬ್ರೂಸ್‌ಪೇಟೆಯ ಒಬ್ಬ ಅತ್ತರು ವ್ಯಾಪಾರಿಯ ಹತ್ತಿರ ಕೆಲಸಕ್ಕೆ ಬಿಟ್ಟ. ಕೆಲವು ವರ್ಷಕ್ಕೆ ಅಪ್ಪ ಅದೇ ಓಣಿಯಲ್ಲಿ ತನ್ನದೇ ಅಂಗಡಿ ಇಟ್ಟ. ಅಂಗಡಿ ಅಂದರೆ ಇಬ್ಬರು ಕೂತರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕಾದಷ್ಟು ಜಾಗ. ಹತ್ತಿಯ ನಂಟು ಮಾತ್ರ ಬಿಡಲಿಲ್ಲ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಅದನ್ನು ಅತ್ತರಿನಲ್ಲಿ ಅದ್ದಿ ಗಿರಾಕಿಯ ಮುಂಗೈಗೆ ಸವರುವುದೇ ಅವನ ವ್ಯಾಪಾರದ ಮೊದಲ ಕೆಲಸವಾಗಿತ್ತು.

ಎರಡನೆಯ ಕೆಲಸ ಇನ್ನೂ ವಿಚಿತ್ರ. ಅತ್ತರು ಹಚ್ಚಿದ ಮೇಲೆ ಅಪ್ಪ ಗಿರಾಕಿಯನ್ನು ಅಂಗಡಿಯಿಂದ ಹೊರಗೆ ಕಳಿಸುತ್ತಿದ್ದ. ಓಣಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ, ಮೈಯ ಕಾವಿಗೆ ವಾಸನೆ ಬಿಚ್ಚಿಕೊಳ್ಳಬೇಕು, ಬೇಕೋ ಬೇಡವೋ ಆಮೇಲೆ ಹೇಳಿ ಅನ್ನುತ್ತಿದ್ದ. ಸುತ್ತು ಹಾಕಲು ಹೋದವರಲ್ಲಿ ಅರ್ಧ ಜನ ಅತ್ತಲಿಂದತ್ತಲೇ ಪಾರಾಗುತ್ತಿದ್ದರು. ಮದುವೆಗೆ ಹೊರಟವರಿಗಂತೂ ಇದು ಪುಕ್ಕಟೆ ಸೇವೆಯಾಗಿತ್ತು. ಅವ್ವ ಇದಕ್ಕೆ ರೇಗುತ್ತಿದ್ದಳು. ಅಪ್ಪನಿಗೆ ಅದರ ಖಬರೇ ಇರಲಿಲ್ಲ. ಊರಲ್ಲಿ ತನ್ನ ಅತ್ತರು ತಿರುಗಾಡುತ್ತಿದೆಯಲ್ಲ, ಅಷ್ಟು ಸಾಕು ಅನ್ನುವ ಠೀವಿ ಅವನದು.

ವಾರಕ್ಕೆರಡು ದಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತುತ್ತಿದ್ದ. ಒಂದು ದಿನ ಸಿರುಗುಪ್ಪ, ಒಂದು ದಿನ ಕುರುಗೋಡು. ಯಾವ ಊರಿಗೆ ಯಾವ ಅತ್ತರು ಅನ್ನುವುದರಲ್ಲಿ ಅವನಿಗೆ ಅವನದೇ ಲೆಕ್ಕಾಚಾರವಿತ್ತು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ನೆನೆದ ಭತ್ತದ ವಾಸನೆ ಗಾಳಿಯಲ್ಲೇ ಇರುತ್ತದೆ, ಅಲ್ಲಿ ಮೆತ್ತಗಿನ ಮಲ್ಲಿಗೆ ನಡೆಯುವುದಿಲ್ಲ, ಮದರಂಗಿಯ ಗಾಢ ಹಿನಾ ಬೇಕು. ಕುರುಗೋಡಿನ ಹಳೆಯ ಶೈವ ಮನೆಗಳಲ್ಲಿ ವಿಭೂತಿ, ಪತ್ರಿ, ಗಂಧದ ನಡುವೆ ಬೆಳೆದ ಮೂಗುಗಳು, ಅವಕ್ಕೆ ಗುಲಾಬಿ ಮತ್ತು ಕೇದಗೆ. ಬಳ್ಳಾರಿಯ ಬೇಸಿಗೆಗೆ ಲಾವಂಚ ಬಿಟ್ಟರೆ ಇನ್ನೊಂದಿಲ್ಲ. ಇವನ್ನೆಲ್ಲ ಅವನು ಗಿರಾಕಿಗಳಿಗೆ ಹೇಳುವಾಗ ನನ್ನ ಕಿವಿಗೆ ಬಿದ್ದದ್ದಷ್ಟೆ.

ನನಗೋ ಆ ವಾಸನೆ ಅಂದರೆ ಮುಜುಗರ. ಸಾಲೆಗೆ ಹೋದರೆ ಅಂಗಿಗೆಲ್ಲ ಅದೇ ಘಮ. ಮದುವೆ ಮನೆಯಿಂದ ನೇರ ಬಂದೆಯಾ ಎಂದು ಮಾಸ್ತರರು ಕೇಳಿದರೆ ಇಡೀ ತರಗತಿ ನಗುತ್ತಿತ್ತು. ಹೈಸ್ಕೂಲಿಗೆ ಬರುವ ಹೊತ್ತಿಗೆ ನಾನು ಅಪ್ಪನ ಅಂಗಡಿಯ ಓಣಿಯನ್ನೇ ಬಿಟ್ಟು ಸುತ್ತುಬಳಸಿ ಮನೆಗೆ ಹೋಗುವುದನ್ನು ಕಲಿತಿದ್ದೆ. ಬಿ.ಎ.ಗೆ ಇತಿಹಾಸ ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಇತಿಹಾಸಕ್ಕೆ ವಾಸನೆ ಇರುವುದಿಲ್ಲ ಅನ್ನುವುದೂ ಒಂದು ಕಾರಣವೆಂದು ಈಗ ಅನಿಸುತ್ತದೆ. ಆದರೆ ಅಲ್ಲೂ ಅದು ನನ್ನನ್ನು ಬಿಡಲಿಲ್ಲ. ಹೊರಗಿನವರಿಗೆ ನನ್ನ ಮನೆತನದ ಕಸುಬು ಗೊತ್ತಾದದ್ದೇ ತಡ, ಸುಗಂಧದ ಬಗ್ಗೆ ಬರೆದುಕೊಡಿ ಎಂದರು. ಬರೆದೆ. ಮಾತಾಡಿ ಎಂದರು. ಮಾತಾಡಿದೆ. ಅಪ್ಪನ ಹೆಸರಿನ ಮೇಲೆ ವಿದ್ವಾಂಸನಾದೆ, ಅಪ್ಪನನ್ನು ಬಿಟ್ಟು.

ಅಪ್ಪನಿಗೆ ಎಂಬತ್ತು ದಾಟಿದಾಗ ಅಂಗಡಿ ಮುಚ್ಚಿದೆವು. ಆ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಉಳಿದ ಶೀಶೆಗಳೆಲ್ಲ ಮನೆಯ ಕಪಾಟಿನಲ್ಲಿ ಒಂದು ಮರದ ಪೆಟ್ಟಿಗೆಗೆ ಸೇರಿದವು. ಅಪ್ಪ ಬೆಳಗಿನಿಂದ ಸಂಜೆಯವರೆಗೆ ಮನೆ ಮುಂದಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಹೋಗಿ ಬರುವವರ ಮೈಮೇಲಿನ ಸ್ಪ್ರೇಗಳಿಗೆ ಮೂಗು ಮುರಿಯುತ್ತಿದ್ದ.

ಆಗಲೇ ನಮ್ಮ ಕಾಲೇಜಿನಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ನನ್ನ ವಿಷಯ ಎಂದಿನಂತೆ ಜಗತ್ತಿನ ಸಂಸ್ಕೃತಿಗಳಲ್ಲಿ ಸುಗಂಧ. ಊಟವಾದ ಮೇಲಿನ ಹೊತ್ತು, ಜನ ತೂಕಡಿಸುತ್ತಾರೆ, ಮೂಸಲು ಏನಾದರೂ ತನ್ನಿ ಎಂದು ಪ್ರಾಂಶುಪಾಲರು ಹೇಳಿದರು. ಬೆಳಿಗ್ಗೆ ಎದ್ದು ಕಪಾಟಿನ ಪೆಟ್ಟಿಗೆ ತೆರೆದೆ. ಅಪ್ಪ ಮಸೀದಿಗೆ ಹೋಗಿದ್ದ, ಹೆಂಡತಿ ತರಕಾರಿಗೆ ಹೋಗಿದ್ದಳು. ಇಪ್ಪತ್ತು ಮೂವತ್ತು ಶೀಶೆಗಳಿದ್ದವು, ಎಲ್ಲದರ ಮೇಲೂ ಧೂಳು. ಒಂದು ಮಾತ್ರ ಬಿಳಿ ಮಲ್ಲಿನ ಬಟ್ಟೆಯಲ್ಲಿ ಸುತ್ತಿ ಮೂಲೆಯಲ್ಲಿಟ್ಟದ್ದು ಸಿಕ್ಕಿತು. ಬಿರಡೆ ತೆಗೆದರೆ ಗುಲಾಬಿ. ಹಿಂದೆಯೇ ಗಂಧದ ಮರ. ನನ್ನಂಥ ಪುಸ್ತಕದ ಹುಳುವಿಗೂ ಇದು ಅಸಲಿ ಎಂದು ಗೊತ್ತಾಯಿತು. ತಾಮ್ರದ ಹಂಡೆಯಲ್ಲಿ ಹೂ ಕುದಿಸಿ, ಆ ಹಬೆಯನ್ನು ಗಂಧದೆಣ್ಣೆಗೆ ಇಳಿಸಿ ಮಾಡಿದ್ದು. ಧೂಳಿಲ್ಲದ ಶೀಶೆ ಯಾಕೆ ಒಂದೇ ಇದೆ ಎಂದು ಯೋಚಿಸುವುದು ಇತಿಹಾಸದ ಮಾಸ್ತರನ ಕೆಲಸವಾಗಿತ್ತು. ನಾನು ಅದನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹಿಡಿದೆ.

ಅಂದು ನಾನು ಚೆನ್ನಾಗಿಯೇ ಮಾತಾಡಿದೆ. ವಿದ್ಯಾರ್ಥಿಗಳು, ಮೇಷ್ಟ್ರುಗಳು, ಸಿರುಗುಪ್ಪ ಸುತ್ತಲಿನ ಊರುಗಳಿಂದ ಬಂದ ಕೆಲವು ಹಿರಿಯರು, ಎಲ್ಲ ಸೇರಿ ನೂರರ ಹತ್ತಿರ ಜನ. ಸಾಲು ಸಾಲಾಗಿ ಕರೆದು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒಬ್ಬೊಬ್ಬರ ಮುಂಗೈಗೂ ಧಾರಾಳವಾಗಿ ಹಚ್ಚಿದೆ. ಹಚ್ಚುತ್ತಲೇ ಈಜಿಪ್ಟಿನ ವಿಷಯಕ್ಕೆ ಬಂದೆ. ಆ ಜನ ಸತ್ತವರ ಜೊತೆ ಸುಗಂಧದ ಭರಣಿಗಳನ್ನೂ ಇಡುತ್ತಿದ್ದರು, ಬದುಕಿರುವಾಗಲೇ ತಮ್ಮ ಕೊನೆಯ ಪಯಣಕ್ಕೆ ಬೇಕಾದದ್ದನ್ನು ಕೂಡಿಸಿಡುತ್ತಿದ್ದರು ಎಂದೆ. ಗೋರಿಗಳನ್ನು ದೋಚುವ ಕಳ್ಳರು ಅಂಥ ಭರಣಿಗಳನ್ನೂ ಬಿಡುತ್ತಿರಲಿಲ್ಲ ಎಂದೂ ಸೇರಿಸಿದೆ. ಎಲ್ಲರೂ ಮುಂಗೈ ಮೂಸುತ್ತ ತಲೆದೂಗಿದರು. ಕೆಲವರು ಬರೆದುಕೊಂಡರು. ಮುಗಿಯುವ ಹೊತ್ತಿಗೆ ಶೀಶೆ ಖಾಲಿಯಾಗಿತ್ತು. ತಳದಲ್ಲಿ ಉಳಿದದ್ದನ್ನು ಪ್ರಾಂಶುಪಾಲರು ತಮ್ಮ ಕರವಸ್ತ್ರಕ್ಕೆ ಒರೆಸಿಕೊಂಡರು.

ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕಪಾಟು ತೆರೆದೇ ಇದ್ದದ್ದನ್ನು ನೋಡಿದ್ದಳು. ಒಳಗೆ ಕರೆದು ಮೆತ್ತಗೆ ಕೇಳಿದಳು.

"ಮಲ್ಲಿನ ಬಟ್ಟ್ಯಾಗಿಂದು ಯಾಕ ಒಯ್ದ್ರಿ? ಅದು ಮಾವಾರು ತಮ್ಮ ಕಫನಿಗೆ ಅಂತ ಇಟ್ಕೊಂಡಿದ್ದು."

ನಮ್ಮಲ್ಲಿ ಸತ್ತವರಿಗೆ ಸ್ನಾನ ಮಾಡಿಸಿ, ಕಫನು ಅನ್ನುವ ಬಿಳಿ ಬಟ್ಟೆ ಉಡಿಸುವ ಮುಂಚೆ ಅತ್ತರು ಕರ್ಪೂರ ಹಚ್ಚುತ್ತಾರೆ. ನಮಾಜಿನಲ್ಲಿ ಬಾಗಿದಾಗ ನೆಲಕ್ಕೆ ತಾಗುವ ಜಾಗಗಳಿಗೆ. ಹಣೆ, ಮೂಗು, ಎರಡು ಅಂಗೈ, ಮೊಣಕಾಲು, ಪಾದ. ಜೀವಮಾನವೆಲ್ಲ ಬೇರೆಯವರಿಗೆ ಅತ್ತರು ಹಚ್ಚಿದ ಮನುಷ್ಯ ತನಗಾಗಿ ಎತ್ತಿಟ್ಟುಕೊಂಡದ್ದು ಅದೊಂದೇ, ಅರ್ಧ ತೊಲ. ಇದು ಹೆಂಡತಿಗೆ ಗೊತ್ತಿತ್ತು, ನನ್ನ ಮಗಳಿಗೆ ಗೊತ್ತಿತ್ತು, ಪಕ್ಕದ ಮನೆಯವರಿಗೂ ಗೊತ್ತಿತ್ತಂತೆ. ಈಜಿಪ್ಟಿನ ಅರಸರದು ಮಾತ್ರ ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ.

ಅಪ್ಪನಿಗೆ ಹೇಗೆ ಹೇಳುವುದು ಎಂದು ನಾನು ಪೀಠಿಕೆ ಹುಡುಕುತ್ತಿದ್ದೆ. ಅದು ಬೇಕಾಗಲಿಲ್ಲ. ಕಟ್ಟೆಯ ಹತ್ತಿರ ಹೋಗಿ ನಿಂತೊಡನೆ ಅವನು ತಲೆ ಎತ್ತದೆ ಒಂದು ಸಲ ಉಸಿರೆಳೆದುಕೊಂಡ. ಅಷ್ಟೆ, ಎಲ್ಲ ಗೊತ್ತಾಗಿ ಹೋಯಿತು.

"ಪೂರಾ ಹಚ್ಚಿ ಬಂದ್ಯೇನು?"

"ನನಗ ಗೊತ್ತಿರಲಿಲ್ಲಪ್ಪಾ."

"ಗೊತ್ತಾಗಾಕ ನೀ ಯಾವತ್ತರ ಕೇಳೀಯೇನು?"

ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಎಷ್ಟು ಮಂದಿ ಇದ್ದರು ಎಂದು ಕೇಳಿದ. ನೂರರ ಹತ್ತಿರ ಎಂದೆ. ಅಂಗೈಗೆ ಹಚ್ಚಿದೆಯೋ ಮುಂಗೈಗೋ ಎಂದ. ಮುಂಗೈಗೆ ಎಂದೆ. ಅಷ್ಟಾದರೂ ಸರಿ ಮಾಡಿದ್ದೀಯಲ್ಲ ಎಂದು ತಲೆಯಾಡಿಸಿದ. ನಾಳೆಯೇ ಇನ್ನೊಂದು ಶೀಶೆ ತರುತ್ತೇನೆ, ಎಷ್ಟಾದರೂ ಆಗಲಿ ಎಂದು ನಾನು ಪೌರುಷ ತೋರಿಸಲು ಹೋದೆ. ಆಗ ಮಾತ್ರ ಅವನ ದನಿ ಬಿಗಿಯಾಯಿತು.

"ನಕಲಿ ಹಚ್ಚಿ ಕಳಸಬ್ಯಾಡ ನನ್ನ. ಸಿಕ್ಕರ ಅದು, ಇಲ್ಲಾಂದ್ರ ಏನೂ ಬ್ಯಾಡ. ಐವತ್ತು ವರ್ಷ ಮಂದಿಗೆ ಅಸಲಿ ಕೊಟ್ಟೀನಿ. ಅಲ್ಲಿ ಹೋಗಿ ನಗಿಪಾಟಲಾಗಾಕ ನನಗ ಆಗಂಗಿಲ್ಲ."

ಮುಂದಿನ ತಿಂಗಳುಗಳಲ್ಲಿ ನಾನು ನಿಜವಾಗಿ ಸುಗಂಧದ ಸಂಶೋಧನೆ ಮಾಡಿದೆ. ಬ್ರೂಸ್‌ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದೆ. ನಾನು ತಪ್ಪಿಸಿಕೊಂಡು ತಿರುಗಿದ್ದ ಓಣಿಯಲ್ಲೇ ಈಗ ಅಂಗಡಿಯಿಂದ ಅಂಗಡಿಗೆ ಮೂಗು ಹೊತ್ತುಕೊಂಡು ಅಲೆದೆ. ಉತ್ತರ ಪ್ರದೇಶದಿಂದ ಅಂಚೆಯಲ್ಲಿ ತರಿಸಿದೆ. ಮೊಬೈಲಿನಲ್ಲಿ ನೋಡಿ ತರಿಸಿದ ಒಂದು ಶೀಶೆ ಬಂಗಾರದ ಬಣ್ಣದ ಡಬ್ಬಿಯಲ್ಲಿ, ಅದರ ಇತಿಹಾಸದ ಚೀಟಿಯೊಂದಿಗೆ ಬಂತು. ಇತಿಹಾಸ ಓದಿ ನನಗೆ ನಗು ಬಂತು, ನಾನು ಬರೆದರೂ ಹಾಗೇ ಬರೆಯುತ್ತಿದ್ದೆ. ಅಪ್ಪ ಪ್ರತಿಯೊಂದನ್ನೂ ಹತ್ತಿಯಲ್ಲಿ ತೆಗೆದುಕೊಂಡು ತನ್ನ ಮುಂಗೈಗೆ ಹಚ್ಚಿ, ಅಂಗಳದಲ್ಲಿ ಕೋಲೂರಿಕೊಂಡು ಒಂದು ಸುತ್ತು ಹಾಕಿ ಬಂದು ತೀರ್ಪು ಕೊಡುತ್ತಿದ್ದ. ಒಂದರಲ್ಲಿ ಗಂಧವೇ ಇಲ್ಲ, ಬರೀ ಮಿನರಲ್ ಎಣ್ಣೆ. ಇನ್ನೊಂದು ಗುಲಾಬಿಯಲ್ಲ, ಸೋಪು. ಬಂಗಾರದ ಡಬ್ಬಿಯದನ್ನು ಮೂಸಿ ಡಬ್ಬಿ ಚೆನ್ನಾಗಿದೆ, ಗುಂಡುಸೂಜಿ ಇಟ್ಟುಕೊ ಅಂದ. ಅಷ್ಟು ದಿನಗಳಲ್ಲಿ ನಾವಿಬ್ಬರೂ ಮಾತಾಡಿದಷ್ಟು ಹಿಂದಿನ ಐವತ್ತು ವರ್ಷದಲ್ಲಿ ಮಾತಾಡಿರಲಿಲ್ಲ. ನನಗೆ ಖುಷಿಯಾಗುತ್ತಿತ್ತು, ಹಾಗೆಯೇ ಹೆದರಿಕೆಯೂ ಆಗುತ್ತಿತ್ತು. ಅಂಗಳದ ಒಂದು ಸುತ್ತಿಗೆ ಅವನು ಎರಡು ಸಲ ನಿಂತು ದಣಿವಾರಿಸಿಕೊಳ್ಳುತ್ತಿದ್ದ.

ಕಡೆಗೆ ಕೇಳಬೇಕಾದದ್ದನ್ನು ಕೇಳಿದೆ, ಆ ಶೀಶೆ ಬಂದದ್ದೆಲ್ಲಿಂದ ಎಂದು. ಅಪ್ಪ ಹೇಳಿದ. ಬಹಳ ಹಿಂದೆ ಉತ್ತರದ ಕಡೆಯ ವ್ಯಾಪಾರಿಯೊಬ್ಬ ಚರ್ಮದ ಕುಪ್ಪಿಯಲ್ಲಿ ತಂದ ಮಾಲು ಅದು. ಮತ್ತೆ ಆ ಮನುಷ್ಯ ಬರಲಿಲ್ಲ, ಅಂಥ ಮಾಲೂ ಬರಲಿಲ್ಲ. ತನಗೆ ಅರ್ಧ ತೊಲ ಇಟ್ಟುಕೊಂಡು ಉಳಿದ ಒಂದು ತೊಲವನ್ನು ಕುರುಗೋಡಿನ ಒಂದು ಮನೆಗೆ ಮಗಳ ಮದುವೆಗೆಂದು ಕೊಟ್ಟಿದ್ದ. ಆ ಮನೆಯ ಯಜಮಾನಿಯನ್ನು ಅವನು ಅಕ್ಕಾರು ಅನ್ನುತ್ತಿದ್ದ. ಓಣಿಯ ಗುರುತು ಹೇಳಿದ. ಹೋಗು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಮರುದಿನ ರಜೆ ಹಾಕಿ ಕುರುಗೋಡಿಗೆ ಹೋದೆ. ಮನೆ ಸಿಕ್ಕಿತು. ಹಣೆತುಂಬ ವಿಭೂತಿ ಹಚ್ಚಿಕೊಂಡ ಮುದುಕಿಯೊಬ್ಬರು ಪಡಸಾಲೆಯಲ್ಲಿ ಕೂತು ಅವರೆ ಬಿಡಿಸುತ್ತಿದ್ದರು. ಬಳ್ಳಾರಿಯ ಅತ್ತರ ಸಾಬರ ಮಗ ಎಂದೊಡನೆ ಮುಖ ಅರಳಿತು. ಚಹಾ ಬಂತು, ಮಂಡಾಳು ಒಗ್ಗರಣೆ ಬಂತು. ಅಪ್ಪನ ಆರೋಗ್ಯ ವಿಚಾರಿಸಿದರು. ನಾನು ಬಂದ ಕೆಲಸ ಹೇಳಬೇಕು, ಆದರೆ ನಾಲಿಗೆ ಹೊರಳಲಿಲ್ಲ. ಎರಡು ಗಂಟೆ ಮಾತಾಡಬಲ್ಲವನ ಬಾಯಿಂದ ಹೊರಟದ್ದು, ಹಳೆಯ ಅತ್ತರುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ ಅನ್ನುವ ಸುಳ್ಳು. ಅಷ್ಟೇ ತಾನೇ ಎಂದು ಅವರು ಎದ್ದು, ದೇವರ ಕೋಣೆಯಿಂದ ಒಂದು ಹಿತ್ತಾಳೆಯ ಭರಣಿ ತಂದರು. ಅದರೊಳಗೆ ಆ ಶೀಶೆ. ಕಾಲು ಭಾಗವೂ ಉಳಿದಿರಲಿಲ್ಲ.

ಮದುವೆಗೆ ಬಳಸಿ ಉಳಿದದ್ದನ್ನು ಯಜಮಾನರು ಲಿಂಗೈಕ್ಯರಾದಾಗ ಹಚ್ಚಿದೆವು ಎಂದು ಹೇಳಿದರು. ಅವರಲ್ಲಿಯೂ ಮಣ್ಣು ಮಾಡುತ್ತಾರೆ, ಕೂಡಿಸಿ, ವಿಭೂತಿ ಹಚ್ಚಿ, ಪತ್ರಿ ಹೂವಿಟ್ಟು. ಆ ವಿಭೂತಿಯ ಮೇಲೆ ಎದೆಗೆ ಎರಡು ಹನಿ ಸವರಿದರಂತೆ. ಯಜಮಾನರಿಗೆ ಅತ್ತರ ಸಾಬರ ಗುಲಾಬಿ ಅಂದರೆ ಅಷ್ಟು ಪ್ರೀತಿಯಂತೆ.

"ಉಳಿದಿದ್ದು ನನಗಂತ ಇಟ್ಕೊಂಡೀನಿ ತಮ್ಮಾ. ಮಕ್ಕಳಿಗೆಲ್ಲ ಹೇಳೀನಿ."

ಇನ್ನು ಕೇಳುವುದೇನು? ಎಂಬತ್ತೈದರ ಮುದುಕಿಯ ಕೊನೆಯ ಶೀಶೆಯನ್ನು ಇನ್ನೊಬ್ಬ ಮುದುಕನಿಗಾಗಿ ಬೇಡಲು ನನ್ನಿಂದಾಗಲಿಲ್ಲ. ನಾನು ಈಗಾಗಲೇ ಒಂದು ಗೋರಿ ದೋಚಿದವನು. ಎದ್ದು ಕೈಮುಗಿದೆ. ಸಾಬರ ಮಗ ಬರಿಗೈಯಲ್ಲಿ ಹೋಗಬಾರದು ಎಂದು ಅವರು ನನ್ನ ಬಲಗೈ ಹಿಡಿದು, ಶೀಶೆಯ ಬಿರಡೆಯಿಂದಲೇ ಮುಂಗೈಗೆ ಗಟ್ಟಿಯಾಗಿ ಒಂದು ಗೀರು ಎಳೆದರು. ಪುಸ್ತಕ ಚೆನ್ನಾಗಿ ಬರಲಿ ಎಂದು ಹರಸಿದರು.

ಬಳ್ಳಾರಿಯ ಬಸ್ಸಿನಲ್ಲಿ ಆ ಕೈಯನ್ನು ನಾನು ಕಾಪಾಡಿಕೊಂಡ ರೀತಿಯನ್ನು ಯಾರಾದರೂ ನೋಡಿದ್ದರೆ ಮೂಳೆ ಮುರಿದಿದೆ ಎಂದುಕೊಳ್ಳಬೇಕು. ಎದೆಯ ಹತ್ತಿರ ಎತ್ತಿ ಹಿಡಿದಿದ್ದೆ. ಕಂಬಿ ಹಿಡಿಯಲಿಲ್ಲ, ಟಿಕೇಟನ್ನು ಎಡಗೈಯಲ್ಲಿ ತೆಗೆದುಕೊಂಡು ಕಂಡಕ್ಟರನಿಂದ ಬೈಸಿಕೊಂಡೆ. ಪಕ್ಕದಲ್ಲಿ ಕೂತ ಹೆಂಗಸು ಏನಾಗಿದೆ ಎಂದು ಕೇಳಿದರು. ಸುಟ್ಟಿದೆ ಎಂದೆ. ಬೆಣ್ಣೆ ಹಚ್ಚಿರಿ ಎಂದರು. ಬಸ್ಸಿಳಿದ ಮೇಲೆ ಆಟೋದಲ್ಲೂ ಹಾಗೇ ಕೂತಿದ್ದೆ. ಗಾಳಿಗೆ ಹಾರಿಹೋದೀತೆಂದು ಕೈಮೇಲೆ ಅಂಗಿಯ ತೋಳನ್ನೂ ಎಳೆದುಕೊಳ್ಳುವಂತಿಲ್ಲ, ಬಟ್ಟೆ ಹೀರಿಕೊಂಡರೆ?

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಎದುರಿಗೆ ಕೈ ಚಾಚಿ ನಿಂತೆ. ಅವನು ಅದನ್ನು ಹಿಡಿದು ಮೂಗಿನ ಹತ್ತಿರ ಒಯ್ದು ಕಣ್ಣು ಮುಚ್ಚಿದ. ಬಹಳ ಹೊತ್ತು ಬಿಡಲಿಲ್ಲ.

"ಅಕ್ಕಾರು ಇನ್ನೂ ಇಟ್ಟಾರೇನು?"

ಇಟ್ಟಿದ್ದಾರೆ, ತಮ್ಮ ಕೊನೆಗೆ ಎಂದು ಇಟ್ಟುಕೊಂಡಿದ್ದಾರೆ, ಅದಕ್ಕೇ ಕೇಳಲಾಗಲಿಲ್ಲ ಎಂದೆ. ಕೇಳದೆ ಬಂದದ್ದು ಒಳ್ಳೆಯದಾಯಿತು ಎಂದ. ಆಮೇಲೆ ಅವನು ಮಾಡಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ನನ್ನ ಮುಂಗೈಯನ್ನು ತನ್ನ ಹಣೆಗೆ ಒತ್ತಿಕೊಂಡ. ಮೂಗಿನ ತುದಿಗೆ ಮುಟ್ಟಿಸಿಕೊಂಡ. ಒಂದು ಅಂಗೈಗೆ ತಿಕ್ಕಿದ, ಇನ್ನೊಂದು ಅಂಗೈಗೆ ತಿಕ್ಕಿದ. ಲುಂಗಿಯನ್ನು ಮೇಲೆ ಸರಿಸಿ ಎರಡೂ ಮೊಣಕಾಲಿಗೆ ಸವರಿಕೊಂಡ. ಪಾದದವರೆಗೆ ಬಗ್ಗಲು ಅವನಿಂದಾಗಲಿಲ್ಲ. ನಾನು ನೆಲದ ಮೇಲೆ ಕೂತೆ. ಕಾಲು ಮುಟ್ಟಿ ನಮಸ್ಕರಿಸುವ ರೂಢಿ ನಮ್ಮ ಮನೆಯಲ್ಲಿಲ್ಲ, ಹಾಗಾಗಿ ಅಪ್ಪನ ಪಾದ ಎಷ್ಟು ಒರಟು ಎಂದು ನನಗೆ ಅಂದೇ ಗೊತ್ತಾದದ್ದು. ಎರಡಕ್ಕೂ ಹಚ್ಚಿದೆ. ನನಗೆ ಅಳು ತಡೆಯಲಾಗಲಿಲ್ಲ.

"ಆತು ಬಿಡು," ಎಂದ ಅಪ್ಪ. "ಇನ್ನ ಹುಡುಕಾಡಬ್ಯಾಡ."

ಇಷ್ಟಾದ ಮೇಲೆ ಸತ್ತೇಹೋಗುತ್ತಾನೇನೋ ಎಂದು ನಾನು ವಾರವೆಲ್ಲ ಕಾಲೇಜಿಗೆ ಹೋಗಲಿಲ್ಲ. ಅವನು ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಸೊಸೆಯ ಹತ್ತಿರ ಜಗಳವಾಡಿಕೊಂಡು ಇನ್ನೂ ಎರಡು ವರ್ಷ ಬದುಕಿದ. ಪ್ರತಿದಿನ ಸಂಜೆ ನಾನು ಕಟ್ಟೆಯ ಮೇಲೆ ಕೂತು ಒಂದೊಂದೇ ಪ್ರಶ್ನೆ ಕೇಳಿದೆ. ಅವನು ಹೇಳಿದ್ದನ್ನು ಬರೆದುಕೊಂಡೆ. ಕುರುಗೋಡಿನಲ್ಲಿ ಹೇಳಿದ ಸುಳ್ಳು ಹೀಗೆ ನಿಜವಾಗತೊಡಗಿತ್ತು.

ಅವನು ಹೋದದ್ದು ಒಂದು ಶುಕ್ರವಾರ ಬೆಳಿಗ್ಗೆ. ಸ್ನಾನ ಮಾಡಿಸಲು ಬಂದ ಹಿರಿಯರು ಕೆಲಸ ಮುಗಿಸಿ, ಕಫನು ಹಾಸಿ, ಅತ್ತರು ಕೊಡು ಎಂದು ನನ್ನ ಕಡೆ ಕೈ ಚಾಚಿದರು. ಅತ್ತರು ಮಾರಿದವನ ಮನೆ, ಯಾವುದಾದರೂ ಭಾರೀ ಮಾಲು ತೆಗೆಯುತ್ತೇನೆ ಎಂದು ಎಲ್ಲರೂ ಕಾದು ನಿಂತಿದ್ದರು.

"ಹಚ್ಚಿ ಆಗೈತ್ರಿ," ಎಂದೆ.

ಹಿರಿಯರು ಬಗ್ಗಿ ಅಪ್ಪನ ಹಣೆಯ ಹತ್ತಿರ ಮೂಸಿ ನೋಡಿ, ಯಾವಾಗ ಹಚ್ಚಿದೆ ಎಂದು ಕೇಳಿದರು.

"ಎರಡು ವರ್ಷ ಆತ್ರಿ."

ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಯಾರೋ ನನ್ನ ಭುಜ ಹಿಡಿದು ಪಕ್ಕಕ್ಕೆ ಕೂರಿಸಿದರು. ಬರೀ ಕರ್ಪೂರ ಹಚ್ಚಿ ಕಫನು ಕಟ್ಟಿದರು.